ಸಮುದ್ರಮಟ್ಟದಿಂದ ಎಷ್ಟು ಮೀಟರ್?

26 ಜುಲೈ 2025, ಶನಿವಾರ
ನವನಗರ, ಬಾಗಲಕೋಟೆ

ನಮ್ಮೂರಿಗೆ ಸಮುದ್ರ ದೂರ, ಸಮುದ್ರಮಟ್ಟ ಮಾತ್ರ ಬಾಯಿಪಾಠ. 519.60 ಅಂದರೆ ಆಲಮಟ್ಟಿಯ ಈಗಿನ ಪೂರ್ಣ ಮಟ್ಟ, 524.256 ಅಂದರೆ ಮುಂದಿನ ಮುಳುಗಡೆ. ಚಹಾದಂಗಡಿಯಲ್ಲಿ ಕೂತವರೂ ಪಾಯಿಂಟಿನ ಮುಂದಿನ ಅಂಕಿ ಬಿಡದೆ ಹೇಳುತ್ತಾರೆ. ಮುಂಬೈನ ಕಚೇರಿಗಳ ಬಡಾವಣೆ ಬಾಂದ್ರಾ-ಕುರ್ಲಾ ಕಾಂಪ್ಲೆಕ್ಸ್, ಅಂದರೆ ಬಿಕೆಸಿಯನ್ನು ಅರ್ಥ ಮಾಡಿಕೊಳ್ಳುವುದಕ್ಕೂ ಈ ರೂಢಿಯೇ ಬೇಕು. ಅಲ್ಲಿ ಎಷ್ಟು ಅಂತಸ್ತು ಎಂದು ಎಣಿಸಿದರೆ ಏನೂ ತಿಳಿಯದು. ಪಾಯಾ ಯಾವ ಮಟ್ಟದಲ್ಲಿದೆ, ನೆತ್ತಿ ಯಾವ ಮಟ್ಟದಲ್ಲಿದೆ, ನದಿ ಯಾವ ಮಟ್ಟಕ್ಕೆ ಏರುತ್ತದೆ ಎಂದು ಕೇಳಬೇಕು.

ಇವತ್ತಿಗೆ ಸರಿಯಾಗಿ ಇಪ್ಪತ್ತು ವರ್ಷದ ಹಿಂದೆ, 2005ರ ಜುಲೈ 26ರಂದು, ಬಿಕೆಸಿಯ ಪಕ್ಕದ ಸಾಂತಾಕ್ರೂಜ್‌ನಲ್ಲಿ 24 ತಾಸಿಗೆ 944 ಮಿ.ಮೀ. ಮಳೆ ಸುರಿಯಿತು. ನಮ್ಮಲ್ಲಿ ವರ್ಷವಿಡೀ ಬಿದ್ದರೂ ಅಷ್ಟಾಗುವುದಿಲ್ಲ. ಅದೇ ಹೊತ್ತಿಗೆ ಸಮುದ್ರಕ್ಕೆ ಭರತ, ಅಂದರೆ ಉಬ್ಬರ. ವಿಹಾರ ಮತ್ತು ಪವಾಯಿ ಕೆರೆಗಳ ಕೋಡಿಯಿಂದ ಹೊರಟು ಸುಮಾರು 18 ಕಿ.ಮೀ. ಹರಿದು ಮಾಹೀಮ್ ಖಾಡಿ (ಸಮುದ್ರದ ಅಳಿವೆ) ಸೇರುವ ಮೀಠಿ ನದಿಗೆ ಮುಂದೆ ಹೋಗಲು ದಾರಿಯೇ ಇರಲಿಲ್ಲ. ಆ ನೀರು ಹರಡಿ ನಿಲ್ಲಬೇಕಾದ ಜವುಗು ನೆಲದ ಮೇಲೆಯೇ ಬಿಕೆಸಿ ಎದ್ದಿದೆ. ಜಾಗ ನದಿಯದು, ಇದನ್ನು ಮೊದಲು ಒಪ್ಪಿಕೊಂಡೇ ಉಳಿದದ್ದನ್ನು ಮಾತಾಡಬೇಕು.

ದಕ್ಷಿಣ ಮುಂಬೈನ ಕಚೇರಿಗಳ ಇಕ್ಕಟ್ಟು ಇಳಿಸಲೆಂದು ಸುಮಾರು 370 ಹೆಕ್ಟೇರ್ ಪ್ರದೇಶವನ್ನು 1977ರಲ್ಲಿ ಮುಂಬೈ ಮಹಾನಗರ ಪ್ರದೇಶಾಭಿವೃದ್ಧಿ ಪ್ರಾಧಿಕಾರದ (ಎಂಎಂಆರ್‌ಡಿಎ) ಕೈಗೆ ಕೊಡಲಾಯಿತು. ನಿವೇಶನಗಳನ್ನು ಕೊಡುವುದು 80 ವರ್ಷದ ಲೀಸಿಗೆ. ಹಣಕಾಸಿನ ವ್ಯವಹಾರವೆಲ್ಲ ಹೆಚ್ಚಾಗಿ ಜಿ ಬ್ಲಾಕ್‌ನಲ್ಲಿ: ರಾಷ್ಟ್ರೀಯ ಷೇರು ವಿನಿಮಯ ಕೇಂದ್ರ, ಸೆಬಿ, ಭಾರತ್ ಡೈಮಂಡ್ ಬೋರ್ಸ್, ನಬಾರ್ಡ್ ಕೇಂದ್ರ ಕಚೇರಿ. ಹುನಗುಂದದ ಸೊಸೈಟಿಯಲ್ಲಿ ಬೆಳೆಸಾಲ ತೆಗೆಯುವವರಿಗೂ ಈ ಕೊನೆಯ ಹೆಸರು ಪರಕೀಯವಲ್ಲ.

ಮೊದಲು ಕೆಳಗಿನದು. ನಮ್ಮ ಎರಿಮಣ್ಣು ಮಳೆಗೆ ಉಬ್ಬುತ್ತದೆ, ಬೇಸಿಗೆಗೆ ಬಿರಿಯುತ್ತದೆ. ಅದಕ್ಕೆ ಎರಿ ತೆಗೆದು ಗರಸು ತುಂಬಿ ಪಾಯಾ ಹಾಕುತ್ತೇವೆ. ಖಾಡಿಯ ಕೆಸರಿನ ಗುಣ ಬೇರೆ. ಅದು ಉಬ್ಬಿ ಇಳಿಯುವುದಿಲ್ಲ, ಮೇಲೆ ಭಾರ ಬಿದ್ದರೆ ನೀರು ಬಿಡುತ್ತ ವರ್ಷಾನುಗಟ್ಟಲೆ ಕುಸಿಯುತ್ತಲೇ ಇರುತ್ತದೆ. ಹಾಗಾಗಿ ಕಟ್ಟಡವನ್ನು ಕೆಸರು ದಾಟಿ ಬಂಡೆಗೆ ಕೂತ ಪೈಲ್‌ಗಳ, ಅಂದರೆ ನೆಲದಾಳಕ್ಕೆ ಇಳಿಸಿದ ಕಾಂಕ್ರೀಟ್ ಕಂಬಗಳ ಮೇಲೆ ನಿಲ್ಲಿಸುತ್ತಾರೆ. ತೊಂದರೆ ಎರಡು ಕಡೆ ಬರುತ್ತದೆ. ಒಂದು, ಕೆಸರಿನ ಮೇಲೆ ಹೊಸದಾಗಿ ಸುರಿದ ಭರ್ತಿಮಣ್ಣು ಕುಸಿಯುವಾಗ ಪೈಲನ್ನೂ ಕೆಳಕ್ಕೆ ಜಗ್ಗುತ್ತದೆ; ಆ ಜಗ್ಗುವ ಭಾರವನ್ನೂ ಪೈಲ್ ಲೆಕ್ಕದಲ್ಲಿ ಹಿಡಿಯಬೇಕು. ಎರಡು, ಕಟ್ಟಡ ಅಲ್ಲಾಡುವುದಿಲ್ಲ, ಸುತ್ತಲಿನ ಅಂಗಳ ಇಳಿಯುತ್ತದೆ. ಬಾಗಿಲ ಮುಂದೆ ಮೊದಲಿಲ್ಲದ ಮೆಟ್ಟಿಲು ಹುಟ್ಟುತ್ತದೆ, ಗೋಡೆ ದಾಟುವ ಜಾಗದಲ್ಲಿ ಒಳಚರಂಡಿ ಪೈಪು ಕತ್ತರಿಸಿಕೊಳ್ಳುತ್ತದೆ. ಗೋಡೆಯಲ್ಲಿ ಪೈಪಿಗಿಂತ ದೊಡ್ಡ ತೂತು ಬಿಟ್ಟು, ಹೊರಗೆ ಬಾಗಬಲ್ಲ ಜಾಯಿಂಟ್ ಹಾಕಿದರೆ ಇದು ತಪ್ಪುತ್ತದೆ. ಖರ್ಚು ತೀರಾ ಕಡಿಮೆ, ಆದರೂ ಹೆಚ್ಚು ಮರೆಯುವುದು ಇದನ್ನೇ.

ಮೇಲಿನದು ವಿಮಾನದ ಲೆಕ್ಕ; ಬಿಕೆಸಿ ಇರುವುದು ಮುಂಬೈ ವಿಮಾನ ನಿಲ್ದಾಣದ ಹತ್ತಿರವೇ. ವಿಮಾನ ನಿಲ್ದಾಣದ ಸುತ್ತ 4 ಕಿ.ಮೀ. ವರೆಗೆ, ನಿಲ್ದಾಣದ ಮಟ್ಟಕ್ಕಿಂತ 45 ಮೀ. ಎತ್ತರದಲ್ಲಿ ಕಣ್ಣಿಗೆ ಕಾಣದ ಒಂದು ಚಾವಣಿ ಇದೆ ಎಂದುಕೊಳ್ಳಿ. ವಿಶೇಷ ಅಧ್ಯಯನ ಮಾಡಿಸಿ ಒಪ್ಪಿಗೆ ಪಡೆಯದೆ ಅದನ್ನು ದಾಟುವಂತಿಲ್ಲ. ಪರವಾನಗಿ ಪತ್ರದಲ್ಲಿ ಬರುವ ಎತ್ತರ ನೆಲದಿಂದಲ್ಲ, ಸಮುದ್ರಮಟ್ಟದಿಂದ. ಉದಾಹರಣೆಗೆ 57 ಮೀ. ಸಿಕ್ಕಿತು ಅನ್ನೋಣ. ನೆಲಮಹಡಿಯ ಮಟ್ಟ 5 ಮೀ. ಇದ್ದರೆ ಉಳಿದದ್ದು 52. ಲಿಫ್ಟಿನ ಕೋಣೆ, ನೀರಿನ ಟಾಕಿ, ಎಸಿಯ ಕೂಲಿಂಗ್ ಟವರ್, ತುದಿಯ ಸಿಡಿಲುಕಡ್ಡಿ ಸೇರಿ 7 ಮೀ. ಕಳೆದರೆ 45. ಕಚೇರಿಯ ಒಂದು ಅಂತಸ್ತಿಗೆ 4 ಮೀ. ಬೇಕು: ಸ್ಲ್ಯಾಬು-ತೊಲೆಗೆ 65 ಸೆಂ.ಮೀ., ಎಸಿ ಡಕ್ಟಿಗೆ 55, ಕೇಬಲ್ ಹಾಯಿಸುವ ಎತ್ತರಿಸಿದ ನೆಲಕ್ಕೆ 10, ಜನರಿಗೆ 2.7 ಮೀ. ಹೀಗೆ 11 ಅಂತಸ್ತು. ಈಗ ನೆರೆಗೆ ಹೆದರಿ ನೆಲಮಹಡಿಯನ್ನು ಒಂದೂವರೆ ಮೀಟರ್ ಎತ್ತರಿಸಿ ನೋಡಿ. ಉಳಿಯುವುದು 43.5, ಅಂದರೆ 10 ಅಂತಸ್ತು. ನದಿಗೆ ಕೊಟ್ಟ ಒಂದೂವರೆ ಮೀಟರಿಗೆ ಆಕಾಶದಲ್ಲಿ ಒಂದು ಅಂತಸ್ತು ಹೋಯಿತು. ಟೆರೇಸಿನ ಸ್ಲ್ಯಾಬಿಗೇ ಲೆಕ್ಕ ಮುಗಿಸಿ, ಲಿಫ್ಟಿನ ಕೋಣೆಗೆ ಜಾಗವಿಲ್ಲದೆ ನಕ್ಷೆಯನ್ನೇ ತಿದ್ದಬೇಕಾಗಿ ಬರುವುದುಂಟು. ಕಟ್ಟುವಾಗ ನಿಲ್ಲಿಸುವ ಕ್ರೇನಿಗೂ ಬೇರೆ ಅನುಮತಿ ಬೇಕು.

ಮೇಲೆ ಹೋಗಲಾಗದ್ದಕ್ಕೆ ವಾಹನಗಳೆಲ್ಲ ಕೆಳಗೆ ಇಳಿಯುತ್ತವೆ. ಬೇಸ್‌ಮೆಂಟಿನ ಮಾತು ಸ್ವಲ್ಪ ನಿಧಾನವಾಗಿ ಹೇಳಬೇಕು, ಹಣ ಮತ್ತು ಎದೆಗಾರಿಕೆ ಎರಡೂ ಹೋಗುವುದು ಅಲ್ಲಿಯೇ. ಅಂತರ್ಜಲ ಹೆಚ್ಚುಕಡಿಮೆ ನೆಲದ ಮಟ್ಟದಲ್ಲೇ ಇರುವ ಜಾಗದಲ್ಲಿ 10 ಮೀ. ಆಳಕ್ಕೆ ಮೂರು ಬೇಸ್‌ಮೆಂಟ್ ತೋಡಿದರೆ, ತಳವನ್ನು ನೀರು ಪ್ರತಿ ಚದರ ಮೀಟರಿಗೆ 10 ಟನ್ ಬಲದಿಂದ ಮೇಲಕ್ಕೆ ನೂಕುತ್ತದೆ. ಕಟ್ಟಡ ಆಗ ಹಡಗು. ಒಂದೂವರೆ ಮೀಟರ್ ದಪ್ಪದ ರಾಫ್ಟ್ (ಇಡೀ ತಳಕ್ಕೆ ಹಾಸುವ ಕಾಂಕ್ರೀಟ್ ಚಪ್ಪಡಿ) ಚದರ ಮೀಟರಿಗೆ 3.75 ಟನ್, ಬೇಸ್‌ಮೆಂಟಿನ ಮೂರು ಸ್ಲ್ಯಾಬು ಕಂಬ ಸಹಿತ ಇನ್ನೊಂದು ಮೂರೂಕಾಲು ಟನ್, ಒಟ್ಟು 7. ಮೇಲೆ ಅಂತಸ್ತಿಗೆ ಸುಮಾರು ಒಂದು ಟನ್‌ನಂತೆ ಕನಿಷ್ಠ ಐದು ಅಂತಸ್ತು ಏರಿ, ಭಾರ ನೂಕಿಗಿಂತ ಸ್ವಲ್ಪ ಹೆಚ್ಚೇ ಆಗಿ 12 ಟನ್ ಮುಟ್ಟುವವರೆಗೆ, ಅಂತರ್ಜಲ ಇಳಿಸಲು ಸುತ್ತ ತೋಡಿದ ಬಾವಿಗಳ ಪಂಪು ನಿಲ್ಲಿಸಬಾರದು. ಕರೆಂಟು ಹೋದರೂ ನಿಲ್ಲಬಾರದು; ಜನರೇಟರ್ ಒಂದಲ್ಲ, ಎರಡು ಬೇಕು.

ಗೋಪುರದ ಕೆಳಗೆ ಈ ಲೆಕ್ಕ ಸರಿಹೋಗುತ್ತದೆ. ಆದರೆ ಬೇಸ್‌ಮೆಂಟ್ ಸಾಮಾನ್ಯವಾಗಿ ಗೋಪುರಕ್ಕಿಂತ ಅಗಲ. ಮೇಲೆ ಬರೀ ತೋಟ, ಕಾರಂಜಿ ಇರುವ ಭಾಗದಲ್ಲಿ ಒತ್ತಲು ಭಾರವೇ ಇಲ್ಲ. ಅಲ್ಲಿ ರಾಫ್ಟ್ ರೊಟ್ಟಿ ಉಬ್ಬಿದಂತೆ ಉಬ್ಬಿ ಬಿರುಕು ಬಿಡುತ್ತದೆ, ಬಿರುಕಿನಲ್ಲಿ ಉಪ್ಪುನೀರು ಬಂದು ಸರಳಿಗೆ ತುಕ್ಕು ಹಿಡಿಯುತ್ತದೆ. ಇದಕ್ಕೊಂದು ಮದ್ದು: ಆ ಭಾಗಕ್ಕೆ ಮೊದಲೇ ಬಂಡೆಗೆ ಆಂಕರ್ ಹೊಡೆದು ಕಟ್ಟಿಹಾಕುವುದು.

ನೆರೆಗೆ ಬೇಕಾದದ್ದು ಸಣ್ಣ ಸಣ್ಣ ಸಂಗತಿ. ಬೇಸ್‌ಮೆಂಟಿಗೆ ಇಳಿಯುವ ರ‍್ಯಾಂಪ್ ನೇರ ಇಳಿಯಬಾರದು. ರಸ್ತೆಯಿಂದ ಮೊದಲು ಅರ್ಧ ಮೀಟರಾದರೂ ಏರಿ, ಆಮೇಲೆ ಇಳಿಯಬೇಕು. ಟ್ರಾನ್ಸ್‌ಫಾರ್ಮರ್, ಪ್ಯಾನಲ್ ಬೇಸ್‌ಮೆಂಟಿನಲ್ಲಿ ಇರಲೇಬಾರದು. ಭರತದ ಹೊತ್ತಿಗೆ ರಸ್ತೆಯ ಚರಂಡಿ ತುಂಬಿ ನೀರು ಹಿಂದಕ್ಕೆ ಒಳಗೆ ಬರುತ್ತದೆ, ತಡೆಯಲು ಒಮ್ಮುಖ ವಾಲ್ವ್ ಇರುತ್ತದೆ. ಅದರ ಮುಚ್ಚಳಕ್ಕೆ ಒಂದು ಗುಟ್ಕಾ ಚೀಟಿ ಸಿಕ್ಕಿಕೊಂಡರೂ ಅದು ಪೂರ್ತಿ ಮುಚ್ಚುವುದಿಲ್ಲ. ಮೇ ತಿಂಗಳಲ್ಲಿ ಬಿಚ್ಚಿ ತೊಳೆಯದ ವಾಲ್ವ್ ಇದ್ದೂ ಇಲ್ಲದಂತೆ.

ಈಗ ಇನ್ನೂ ಆಳಕ್ಕೆ ಇಳಿದಿದ್ದಾರೆ. ಮೂರನೇ ಮೆಟ್ರೊ ಮಾರ್ಗದ ಸುರಂಗ ಧಾರಾವಿ ಮತ್ತು ಬಿಕೆಸಿ ನಡುವೆ ಮೀಠಿಯ ಅಡಿಯಲ್ಲೇ ಹಾಯುತ್ತದೆ. ಆರೆಯಿಂದ ಬಿಕೆಸಿವರೆಗಿನ ಭಾಗ 2024ರ ಅಕ್ಟೋಬರ್‌ನಲ್ಲಿ ತೆರೆಯಿತು. ಅಹಮದಾಬಾದಿಗೆ ಹೋಗುವ 508 ಕಿ.ಮೀ. ಬುಲೆಟ್ ರೈಲಿನ 12 ನಿಲ್ದಾಣಗಳಲ್ಲಿ ನೆಲದಡಿಯದು ಬಿಕೆಸಿಯದೊಂದೇ, ಅಗೆತ ಸುಮಾರು 32 ಮೀ. ಮೇಲಿನ ಲೆಕ್ಕವನ್ನೇ ಹಿಡಿದರೆ ತಳಕ್ಕೆ ಚದರ ಮೀಟರಿಗೆ 30 ಟನ್ ಆಚೆಈಚೆ ನೂಕು. ಅಲ್ಲಿ ಪಂಪಿನ ಪಾಳಿಯಲ್ಲಿ ಇರುವವರು ಇವತ್ತಿನಂಥ ಜುಲೈ ರಾತ್ರಿಯಲ್ಲಿ ಭರತದ ವೇಳಾಪಟ್ಟಿಯನ್ನು ಗೋಡೆಗೆ ಅಂಟಿಸಿಕೊಂಡೇ ಕೂತಿರಬೇಕು.