ಆಟಿಕೆ ಟ್ರಂಕ್, ಮೂರನೇ ಸುತ್ತು: ಬಣ್ಣ ಹಪ್ಪಳದ ಹಾಗೆ ಏಳುವುದು ಕೊನೆಗೂ ನಿಂತಿತು

ಅಟ್ಟದ ಮೇಲಿದ್ದ ತಗಡಿನ ಟ್ರಂಕನ್ನು ಮಕ್ಕಳ ಆಟಿಕೆ ಪೆಟ್ಟಿಗೆ ಮಾಡುವ ಕೆಲಸ ಎರಡು ಸಲ ಕೆಟ್ಟು ಈಗ ದಡ ಹತ್ತಿದೆ. ಅಳತೆ 30 ಇಂಚು ಉದ್ದ, 18 ಅಗಲ, 14 ಎತ್ತರ. ಉಜ್ಜುವುದು, ಒರೆಸುವುದು, ಬ್ರಷ್ ಎಳೆಯುವುದು ಇವನ್ನೆಲ್ಲ ಬಿಡಿಸಿ ಹೇಳಬೇಕಿಲ್ಲ, ನಿಮಗೆ ಗೊತ್ತಿರುವುದೇ. ಮೂರು ತಿಂಗಳು ಕನ್ನಡಿಯಂತೆ ಹೊಳೆಯುತ್ತಿದ್ದ ಎನಾಮಲ್, ಒಂದು ಮೂಲೆಯಲ್ಲಿ ಉಗುರು ತಾಗಿದ್ದೇ ನೆಪವಾಗಿ ಅಂಗೈ ಅಗಲದ ಹಪ್ಪಳವಾಗಿ ಎದ್ದು ಬಂದದ್ದು ಯಾಕೆ? ಈ ಸಲದ ಬರಹವೆಲ್ಲ ಅದರ ಹಿಂದೆಯೇ.

ಮೊದಲ ಸಲ ಜಿಡ್ಡಿನ ಮೇಲೆ ಗುಮಾನಿ ಬಂತು. ಹಾಗಾಗಿ ಎರಡನೇ ಸುತ್ತಿನಲ್ಲಿ ಪಾತ್ರೆ ತೊಳೆಯುವ ಸೋಪಿನಲ್ಲಿ ಎರಡು ಸಲ ತೊಳೆದು, 180 ನಂಬರಿನ ವಾಟರ್ ಪೇಪರ್‌ನಲ್ಲಿ ಬರಿ ತಗಡು ಕಾಣುವ ತನಕ ಉಜ್ಜಿ, ಹೊಸ ಡಬ್ಬದ ರೆಡ್ ಆಕ್ಸೈಡ್ ಪ್ರೈಮರ್ (ಬಣ್ಣಕ್ಕೆ ಮೊದಲು ಬಳಿಯುವ ತಳದ ಕೋಟು) ಬಳಿದು, ಮೇಲೆ ಎರಡು ಕೋಟ್ ಎನಾಮಲ್ ಕೊಟ್ಟದ್ದಾಯಿತು. ಮಳೆಗಾಲ ಶುರುವಾದ ಕೂಡಲೇ ಮೊದಲಿಗಿಂತ ಬೇಗ, ಮೊದಲಿಗಿಂತ ದೊಡ್ಡ ಹಾಳೆಗಳಾಗಿ ಎದ್ದಿತು. ಎದ್ದ ಹಾಳೆಯ ಹಿಂಬದಿಯಲ್ಲಿ ರೆಡ್ ಆಕ್ಸೈಡ್ ಪೂರ್ತಿ ಅಂಟಿಕೊಂಡೇ ಇತ್ತು, ಕೆಳಗಿನ ತಗಡು ಮಾತ್ರ ತೊಳೆದಿಟ್ಟ ತಟ್ಟೆಯಷ್ಟು ಚೊಕ್ಕಟ. ಅಂದರೆ ಎನಾಮಲ್‌ಗೂ ಪ್ರೈಮರ್‌ಗೂ ಜಗಳವಿಲ್ಲ. ಜಗಳವಿರುವುದು ಪ್ರೈಮರ್‌ಗೂ ತಗಡಿಗೂ.

ಸುಳಿವು ಸಿಕ್ಕಿದ್ದು ಎದ್ದ ಜಾಗಗಳನ್ನು ಗುರುತು ಹಾಕುತ್ತ ಹೋದಾಗ. ಕಷ್ಟಪಟ್ಟು ಬರಿ ಲೋಹದ ತನಕ ಉಜ್ಜಿದ ಕಡೆಯೆಲ್ಲ ಬಣ್ಣ ಕಿತ್ತು ಬಂದಿದೆ. ಬೇಸರ ಬಂದು ಹಳೆಯ ಹಸಿರು ಬಣ್ಣವನ್ನು ಹಾಗೇ ಬಿಟ್ಟಿದ್ದ ಕಡೆ ಗಟ್ಟಿಯಾಗಿ ನಿಂತಿದೆ. ಸೋಮಾರಿತನಕ್ಕೆ ಇಷ್ಟು ಒಳ್ಳೆಯ ಫಲ ಬೇರೆಲ್ಲೂ ಸಿಗಲಿಕ್ಕಿಲ್ಲ.

ಟ್ರಂಕಿನ ತಗಡು ಬರಿ ಕಬ್ಬಿಣವಲ್ಲ, ಜಿಐ ಶೀಟು: ಕಬ್ಬಿಣದ ಮೇಲೆ ಸತುವಿನ ಲೇಪ. ಸಿಂಥೆಟಿಕ್ ಎನಾಮಲ್ ಆಗಲಿ ಸಾಮಾನ್ಯ ರೆಡ್ ಆಕ್ಸೈಡ್ ಆಗಲಿ ಎಣ್ಣೆ ಮೂಲದ ಬಣ್ಣಗಳು. ಸತುವಿಗೆ ತೇವ ತಾಗಿದರೆ ಅದರ ಮೈಮೇಲೆ ಸ್ವಲ್ಪ ಕ್ಷಾರದ ಪದರ ಹುಟ್ಟುತ್ತದೆ. ಎಣ್ಣೆಗೆ ಕ್ಷಾರ ಸೇರಿದರೆ ಏನಾಗುತ್ತದೆ ಎಂದು ಮನೆಯಲ್ಲಿ ಸೋಪು ಕಾಯಿಸಿದವರನ್ನು ಕೇಳಿ. ಅದೇ ಇಲ್ಲಿಯೂ ಆಗುವುದು, ಬಲು ನಿಧಾನವಾಗಿ: ಬಣ್ಣದ ತಳದಲ್ಲಿ ಸತುವಿನ ಸೋಪಿನ ತೆಳು ಪದರ. ಸೋಪಿನ ಮೇಲೆ ಯಾವ ಬಣ್ಣ ನಿಂತೀತು? ಬಣ್ಣ ತಿಂಗಳುಗಟ್ಟಲೆ ಚೆನ್ನಾಗಿದ್ದು ಆಮೇಲೆ ಕೈಕೊಡುವುದೂ, ಮಳೆಗಾಲದಲ್ಲಿ ಬೇಗ ಕೈಕೊಡುವುದೂ ಇದಕ್ಕೇ. ಹಸಿ ಸಿಮೆಂಟ್ ಗಾರೆಯ ಮೇಲೆ ಆಯಿಲ್ ಪೇಂಟ್ ಬಳಿದರೆ ಉದುರುವುದಕ್ಕೂ ಇಂಥದ್ದೇ ಕಾರಣ. ಹಳೆಯ ಹಸಿರು ಬಣ್ಣ ಉಳಿದಿದ್ದ ಕಡೆ ಹೊಸ ಬಣ್ಣಕ್ಕೂ ಸತುವಿಗೂ ನಡುವೆ ಅದು ಅಡ್ಡ ನಿಂತಿತ್ತು, ಬಚಾವಾಯಿತು.

ಇದನ್ನು ಹಾರ್ಡ್‌ವೇರ್ ಅಂಗಡಿಯವರು ಯಾಕೆ ಹೇಳಲಿಲ್ಲ ಎಂದು ಕೇಳಬೇಡಿ. ಲೋಹ ಎಂದ ಕೂಡಲೇ ಕೈ ರೆಡ್ ಆಕ್ಸೈಡ್ ಡಬ್ಬಕ್ಕೇ ಹೋಗುತ್ತದೆ. ಬಹಳ ವಿಚಾರಿಸುವ ಅಂಗಡಿಯಾದರೆ "ನೆಲಕ್ಕೋ, ಗೇಟಿಗೋ?" ಎಂದು ಒಂದು ಪ್ರಶ್ನೆ ಹೆಚ್ಚು. ಟ್ರಂಕಿಗೆ ಎಂದರೆ ಗೇಟಿನ ಡಬ್ಬ ಸಿಗುತ್ತದೆ.

ಜಿಐ ಹೌದೋ ಅಲ್ಲವೋ ಎಂದು ಮೊದಲು ನೋಡಿಕೊಳ್ಳಬೇಕು. ಅಯಸ್ಕಾಂತ ಎರಡಕ್ಕೂ ಅಂಟುತ್ತದೆ, ಪ್ರಯೋಜನವಿಲ್ಲ. ಒಳಮೈಯಲ್ಲಿ ಹೂವಿನಂಥ, ಹರಳು ಹರಡಿದಂಥ ಗುರುತು ಕಂಡರೆ ಜಿಐ. ತೇವ ನಿಂತ ಕಡೆ ಕೆಂಪು ತುಕ್ಕಿನ ಬದಲು ಬಿಳಿ ಪುಡಿ ಇದ್ದರೂ ಅದೇ. ಎರಡೂ ಕಾಣದಿದ್ದರೆ ಮೈಲುತುತ್ತ (ಕಾಪರ್ ಸಲ್ಫೇಟ್). ಅಡಿಕೆಗೆ ಮೈಲುತುತ್ತ, ಸುಣ್ಣ ಸೇರಿಸಿದ ಬೋರ್ಡೋ ದ್ರಾವಣ ಹೊಡೆಯುವ ಮನೆಯವರು ಇದನ್ನು ಹುಡುಕಿಕೊಂಡು ಹೋಗಬೇಕಿಲ್ಲ. ಉಳಿದವರು ಗೊಬ್ಬರದ ಅಂಗಡಿಯಲ್ಲಿ ಕೇಳಬೇಕು, ಮತ್ತು ಅರ್ಧ ಕಿಲೋಕ್ಕಿಂತ ಕಡಿಮೆ ಕೊಡುವುದಿಲ್ಲ ಎಂಬ ಮಾತು ಕೇಳಿಸಿಕೊಳ್ಳಬೇಕು. ಒಂದು ಚಿಟಿಕೆಯನ್ನು ಕರಟದಲ್ಲಿ ಎರಡು ಚಮಚ ನೀರಿಗೆ ಕರಗಿಸಿ, ಬಣ್ಣ ಕೆರೆದ ಜಾಗಕ್ಕೆ ಒಂದು ತೊಟ್ಟು ಬಿಡಿ. ಸತುವಾದರೆ ಕ್ಷಣದಲ್ಲಿ ಮಸಿಯಂತೆ ಕಪ್ಪಾಗುತ್ತದೆ, ಕಬ್ಬಿಣವಾದರೆ ತಾಮ್ರದ ಕೆಂಪು ಕೂರುತ್ತದೆ. ಮೈಲುತುತ್ತ ವಿಷ. ಕೈಗವಸು ಇರಲಿ, ಕರಟ ಆಮೇಲೆ ಕಸಕ್ಕೆ.

ಇಲ್ಲೊಂದು ಹಳೆಯ ಪೇಂಟರ್ ವಿದ್ಯೆಯ ಬಗ್ಗೆ ತಕರಾರಿದೆ. ಶೀಟನ್ನೆಲ್ಲ ಮೈಲುತುತ್ತದ ನೀರಲ್ಲಿ ತೊಳೆದರೆ ಬಣ್ಣ ಹಿಡಿಯುತ್ತದೆ ಎನ್ನುವವರಿದ್ದಾರೆ. ಕಪ್ಪು ಪದರ ಬರುವುದರಿಂದ ಹಿಡಿದಂತೆ ಕಾಣುವುದು ನಿಜ. ಆದರೆ ಸತುವಿನ ಮೇಲೆ ತಾಮ್ರ ಕೂತು ತೇವವೂ ಸೇರಿದರೆ ಸತು ಇನ್ನಷ್ಟು ಬೇಗ ಸವೆಯುತ್ತದೆ. ಪರೀಕ್ಷೆಗೆ ಒಂದು ತೊಟ್ಟು ಸಾಕು, ಅದನ್ನೂ ತಕ್ಷಣ ಒರೆಸಿ ತೊಳೆಯಬೇಕು.

ಇನ್ನು ಪಟ್ಟಿ ಪರೀಕ್ಷೆ. ಟ್ರಂಕಿನ ತಳವನ್ನು ಯಾರೂ ನೋಡುವುದಿಲ್ಲವಾದ್ದರಿಂದ ಅಲ್ಲೇ 4 ಇಂಚು ಚೌಕದ ನಾಲ್ಕು ಪಟ್ಟಿ. ಮೊದಲನೆಯದು ಸೋಪಿನಲ್ಲಿ ತೊಳೆದು ರೆಡ್ ಆಕ್ಸೈಡ್, ಮೇಲೆ ಎನಾಮಲ್, ಅಂದರೆ ಹಳೆಯ ಕಥೆಯೇ. ಎರಡನೆಯದು ವಿನಿಗರ್ ಹಚ್ಚಿ ತೊಳೆದು ಅದೇ ಎರಡು. ಮೂರನೆಯದು ವಿನಿಗರ್, ಜಿಐಗೆ ಆಗುತ್ತದೆ ಎಂದು ಡಬ್ಬದ ಮೇಲೇ ಬರೆದಿರುವ ವಾಟರ್ ಬೇಸ್ ಅಕ್ರಿಲಿಕ್ ಪ್ರೈಮರ್, ಮೇಲೆ ಎನಾಮಲ್. ನಾಲ್ಕನೆಯದು ವಿನಿಗರ್ ಆದ ಮೇಲೆ ಪ್ರೈಮರ್ ಇಲ್ಲದೆ ನೇರವಾಗಿ ಹೊರಗೋಡೆಯ ಅಕ್ರಿಲಿಕ್ ಎಮಲ್ಷನ್ ಎರಡು ಕೋಟ್.

ಏಳನೇ ದಿನ ಬ್ಲೇಡಿನಲ್ಲಿ 2 ಮಿಲಿಮೀಟರ್ ಅಂತರಕ್ಕೆ ಅಡ್ಡ ಆರು, ಉದ್ದ ಆರು ಗೀರು. 25 ಚೌಕಗಳಾಗುತ್ತವೆ. ಮೇಲೆ ಪ್ಯಾಕಿಂಗ್ ಟೇಪ್ ಒತ್ತಿ ಸರಕ್ಕನೆ ಎಳೆದರೆ ನಾಲ್ಕೂ ಪಟ್ಟಿ ಪಾಸು. ಒಂದು ಚೌಕವೂ ಏಳಲಿಲ್ಲ. ತಲೆ ಕೆಡುವುದು ಇಲ್ಲೇ. ವಾರದ ಬಣ್ಣ ಇನ್ನೂ ಮೆತ್ತಗೆ, ಸೋಪು ಇನ್ನೂ ಹುಟ್ಟಿಲ್ಲ, ಟೇಪು ಸರ್ಟಿಫಿಕೇಟ್ ಕೊಟ್ಟುಬಿಡುತ್ತದೆ. ಆಮೇಲೆ ಟ್ರಂಕನ್ನು ಬೋರಲು ಹಾಕಿ ತಳದ ಮೇಲೆ ಒದ್ದೆ ಗೋಣಿ, ಅದರ ಮೇಲೆ ಪ್ಲಾಸ್ಟಿಕ್ ಹಾಳೆ ಹೊದಿಸಿ ಬಿಸಿಲಲ್ಲಿ 14 ದಿನ. ದಿನಕ್ಕೊಂದು ಚೊಂಬು ನೀರು. ಆಮೇಲೆ ಒಂದು ದಿನ ಒಣಗಿಸಿ ಪಕ್ಕದಲ್ಲಿ ಹೊಸ ಗೀರು, ಹೊಸ ಟೇಪು.

ಮೊದಲ ಪಟ್ಟಿಯಲ್ಲಿ 25ಕ್ಕೆ 25 ಚೌಕವೂ ಟೇಪಿನ ಜೊತೆ ಬಂದವು, ಗೀರಿನ ಆಚೆಯ ಬಣ್ಣವನ್ನೂ ಕರೆದುಕೊಂಡು. ಎರಡನೆಯದರಲ್ಲಿ 11 ಹೋದವು. ವಿನಿಗರ್ ಒಂದೇ ಸಾಲದು, ಅದು ಏಳುವುದನ್ನು ಮುಂದೂಡುತ್ತದೆ ಅಷ್ಟೆ. ಮೂರು ಮತ್ತು ನಾಲ್ಕರಲ್ಲಿ ಒಂದೂ ಇಲ್ಲ. ಹಾಗಾದರೆ ಅಗ್ಗದ ನಾಲ್ಕನೆಯದೇ ಸಾಕಲ್ಲ ಎನಿಸುತ್ತದೆ. ಹೂಕುಂಡಕ್ಕಾದರೆ ಸಾಕು. ಆದರೆ ಎಮಲ್ಷನ್ ಬಿಸಿಗೆ ಮೆತ್ತಗಾಗಿ, ಮುಚ್ಚಳ ಅಂಚಿಗೆ ತಾಗುವಲ್ಲಿ ಒಂದಕ್ಕೊಂದು ಅಂಟಿಕೊಳ್ಳುತ್ತದೆ, ಉಗುರಿನ ಗುರುತು ಉಳಿಯುತ್ತದೆ. ಆಟಿಕೆ ಎಳೆದಾಡುವ ಪೆಟ್ಟಿಗೆಗೆ ಮೂರನೆಯದೇ ಸರಿ.

ವಾಟರ್ ಬೇಸ್ ಪ್ರೈಮರ್ ಕೊಳ್ಳುವುದು ಇನ್ನೊಂದು ಪುರಾಣ. ಒಂದು ಅಂಗಡಿಯಲ್ಲಿ ಗೋಡೆಯ ಪ್ರೈಮರ್ ಕೊಟ್ಟು "ಇದೂ ವಾಟರ್ ಬೇಸೇ ಅಲ್ವಾ" ಅಂದರು. ಅಲ್ಲ. ಗೋಡೆಯದು ಗಾರೆಗೆ ಮಾಡಿದ್ದು, ತಗಡಿನ ಮೇಲೆ ಸುಣ್ಣದ ಹಾಗೆ ಉದುರುತ್ತದೆ. ಇನ್ನೊಂದು ಕಡೆ ಸರಿಯಾದದ್ದೇ ಇತ್ತು, ಒಂದು ಲೀಟರಿಗಿಂತ ಚಿಕ್ಕ ಡಬ್ಬ ಇರಲಿಲ್ಲ. ಈ ಟ್ರಂಕಿಗೆ ಅಷ್ಟು ಬೇಡ. ಮೂವರು ಸೇರಿ ಹಂಚಿಕೊಂಡರೆ ಬಜೆಟ್ಟಿಗೆ ಕೂರುತ್ತದೆ. ಹಂಚುವ ಮುನ್ನ ಕೋಲಿನಿಂದ ತಳ ಮುಟ್ಟಿ ಐದು ನಿಮಿಷ ಕಲಕಿ. ಇಲ್ಲದಿದ್ದರೆ ಮೊದಲನೆಯವರಿಗೆ ನೀರು, ಕೊನೆಯವರಿಗೆ ಗಸಿ.

ಗ್ಯಾರೇಜುಗಳಲ್ಲಿ ಕಾರಿಗೆ ಹೊಡೆಯುವ ಎಚ್ (etch) ಪ್ರೈಮರ್, ಅಂದರೆ ಆಮ್ಲವಿರುವ ಪ್ರೈಮರ್, ಸತುವಿಗೆ ಚೆನ್ನಾಗಿ ಕಚ್ಚುತ್ತದೆ, ನಿಜ. ಹಳದಿ ಬಣ್ಣದ ಕೆಲವುಗಳಲ್ಲಿ ಕ್ರೋಮೇಟ್ ಎಂಬ ವಿಷ ಇರುತ್ತದೆ, ಮಕ್ಕಳ ಪೆಟ್ಟಿಗೆಗೆ ಬೇಡ.

ಗೆದ್ದ ವಿಧಾನ ಹೀಗಿದೆ. ಸಡಿಲ ಬಣ್ಣ ಕೆರೆಯುವಾಗ, ಉಜ್ಜುವಾಗ ನೀರು ಹಾಕಿಯೇ ಉಜ್ಜಿ. ಮನೆಬಳಕೆಯ ಬಣ್ಣದಲ್ಲಿ ಸೀಸ 90 ಪಿಪಿಎಂ (ಹತ್ತು ಲಕ್ಷ ಭಾಗದಲ್ಲಿ 90) ದಾಟಬಾರದೆಂಬ ನಿಯಮ ನಮ್ಮಲ್ಲಿ ಜಾರಿಗೆ ಬಂದದ್ದು 2017ರ ನವೆಂಬರಿನಲ್ಲಿ. ಅದಕ್ಕಿಂತ ಹಳೆಯ ಟ್ರಂಕಿನ ಹಸಿರು, ಹಳದಿ, ಕೆಂಪು ಬಣ್ಣಗಳಲ್ಲಿ ಸೀಸ ಇದೆ ಎಂದೇ ಎಣಿಸಿ. ಒಣ ಧೂಳು ಏಳಬಾರದು, ಮಕ್ಕಳೂ ಬಸುರಿಯರೂ ಹತ್ತಿರ ಇರಬಾರದು, ಒರೆಸಿದ ಹಳೆ ಬನಿಯನ್ ಮತ್ತು ಪೇಪರನ್ನು ಕಟ್ಟಿ ಎಸೆಯಬೇಕು. ಗಟ್ಟಿಯಾಗಿ ನಿಂತ ಹಳೆ ಬಣ್ಣವನ್ನು ಕೆದಕಬೇಡಿ, 320 ನಂಬರಿನ ಪೇಪರ್‌ನಲ್ಲಿ ಹೊಳಪು ಸಾಯುವಷ್ಟು ಉಜ್ಜಿದರೆ ಮುಗಿಯಿತು.

ಬರಿ ತಗಡು ಕಂಡ ಕಡೆ ಬಿಳಿ ಪುಡಿಯನ್ನು ನೈಲಾನ್ ಬ್ರಷ್ಷಿನಲ್ಲಿ ತೆಗೆದು, ಸೋಪಿನಲ್ಲಿ ತೊಳೆದು, ದಿನಸಿ ಅಂಗಡಿಯ ಬಿಳಿ ವಿನಿಗರ್ ಹಚ್ಚಿ ಹತ್ತು ಹದಿನೈದು ನಿಮಿಷ ಒಣಗದಂತೆ ನೋಡಿಕೊಳ್ಳಿ. ಹೊಳಪು ಹೋಗಿ ಮಂಕು ಬೂದಿ ಬಣ್ಣ ಬಂದರೆ ಸಾಕು, ಚೆನ್ನಾಗಿ ತೊಳೆದು ಬಿಸಿಲಿಗಿಡಿ. ಟಾಯ್ಲೆಟ್ ಕ್ಲೀನರ್ ಬಳಸುವ ಜಾಣತನ ಬೇಡ: ಅದರ ಆಮ್ಲ ಸತುವನ್ನೇ ತಿಂದು ಕಬ್ಬಿಣ ಬಯಲು ಮಾಡುತ್ತದೆ. ಮೊದಲೇ ತುಕ್ಕು ಹಿಡಿದ ಚುಕ್ಕಿಗಳಿದ್ದರೆ ಅಲ್ಲಿಗಷ್ಟೇ ಸಣ್ಣ ಬ್ರಷ್ಷಿನಲ್ಲಿ ರೆಡ್ ಆಕ್ಸೈಡ್ ಮುಟ್ಟಿಸಿ ಒಂದು ದಿನ ಬಿಡಿ. ಬರಿ ಕಬ್ಬಿಣಕ್ಕೆ ನೇರವಾಗಿ ವಾಟರ್ ಬೇಸ್ ತಾಗಿದರೆ ಒಣಗುವಷ್ಟರಲ್ಲೇ ಕಂದು ಚುಕ್ಕಿ ಮೇಲೆ ಬರುತ್ತದೆ. ಆಮೇಲೆ ಪ್ರೈಮರ್ ಎರಡು ತೆಳು ಕೋಟ್, ನಡುವೆ ನಾಲ್ಕು ಗಂಟೆ. ಎನಾಮಲ್ ಮರುದಿನ.

ತಳ ಬಿಟ್ಟರೆ ಹೊರಮೈ ಸುಮಾರು 13 ಚದರಡಿ. 200 ಎಂಎಲ್ ಎನಾಮಲ್ ಎರಡು ಕೋಟಿಗೆ ಸ್ವಲ್ಪ ಕಡಿಮೆ ಬೀಳುತ್ತದೆ, ಅದಕ್ಕೆ ಗೋಡೆಗೆ ಆನಿಸುವ ಹಿಂಬದಿಗೆ ಒಂದೇ ಕೋಟು. ಇನ್ನೊಂದು ಡಬ್ಬ ತರುವುದಕ್ಕಿಂತ ಟ್ರಂಕನ್ನು ತಿರುಗಿಸದಿರುವುದು ಸುಲಭ. ತೆಳು ಮಾಡಲು 100 ಎಂಎಲ್‌ಗೆ ಒಂದು ಚಮಚ ಟರ್ಪೆಂಟೈನ್. ಸೀಮೆಎಣ್ಣೆ ಹಾಕಿ ಎನ್ನುವ ಸಲಹೆ ಈಗಲೂ ಸಿಗುತ್ತದೆ. ಹಾಕಿದರೆ ಬಣ್ಣ ದಿನಗಟ್ಟಲೆ ಅಂಟಂಟು, ಹೊಳಪೂ ಕುಂದುತ್ತದೆ, ಟ್ರಂಕಿಗೆ ಅಂಟಿದ ಸೊಳ್ಳೆಗಳನ್ನು ಎಣಿಸುತ್ತ ಕೂರಬಹುದು.

ಮಕ್ಕಳ ಪೆಟ್ಟಿಗೆಯಾದ್ದರಿಂದ ಬಣ್ಣಕ್ಕೆ ಮೊದಲೇ ಮಾಡಬೇಕಾದದ್ದು ಎರಡಿದೆ. ಚಿಲಕ, ಕೊಂಡಿ ಕಿತ್ತು ಹಾಕಬೇಕು, ಒಳಗೆ ಕೂತ ಮಗುವಿನ ಮೇಲೆ ಅದು ತಾನಾಗಿ ಬೀಳಬಾರದು. ಗಾಳಿಯಾಡಲು ಎರಡೂ ಪಕ್ಕಕ್ಕೆ 4 ಮಿಲಿಮೀಟರಿನ ತಲಾ 55 ರಂಧ್ರ ಕೊರೆದು ಅರದಿಂದ ಅಂಚು ಸವರಬೇಕು. ಬೆರಳು ತೂರುವಷ್ಟು ದೊಡ್ಡದು ಬೇಡ. ಮುಚ್ಚಳಕ್ಕೆ ಬರಿ ಸರಪಳಿ ಕಟ್ಟಿದರೆ ಅದು ಹಿಂದಕ್ಕೆ ಬೀಳುವುದನ್ನು ತಡೆಯುತ್ತದೆಯೇ ಹೊರತು ಬೆರಳ ಮೇಲೆ ಬೀಳುವುದನ್ನಲ್ಲ. ಮುಂದಿನ ಎರಡು ಮೂಲೆಗೆ ಹಳೆ ಹವಾಯಿ ಚಪ್ಪಲಿಯಿಂದ ಕತ್ತರಿಸಿದ ರಬ್ಬರ್ ತುಂಡುಗಳನ್ನು ಒಂದರ ಮೇಲೊಂದು ಒಂದು ಇಂಚು ದಪ್ಪಕ್ಕೆ ಅಂಟಿಸಿ, ಸಂದು ಉಳಿಯುತ್ತದೆ.

ಮುಚ್ಚಳದ ಮೇಲೆ ಹಸೆ ಚಿತ್ತಾರ ಬರೆಯುವ ಆಸೆ ಇದೆ. ಮಲೆನಾಡಿನ ದೀವರ ಮನೆಗಳಲ್ಲಿ ಕೆಮ್ಮಣ್ಣಿನ ಗೋಡೆಗೆ ಅಕ್ಕಿಹಿಟ್ಟಿನ ಬಿಳಿ, ಪುಂಡಿ ನಾರಿನ ಬ್ರಷ್. ಎನಾಮಲ್ ಹೊಳಪಿನ ಮೇಲೆ ಆ ಗೆರೆ ಜಾರುತ್ತದೆ. ಆದರೆ ಮಂಕು ಕೆಮ್ಮಣ್ಣಿನ ಬಣ್ಣ ಯಾವುದರದ್ದು ಹೇಳಿ? ಉಳಿದ ಮುಕ್ಕಾಲು ಡಬ್ಬ ರೆಡ್ ಆಕ್ಸೈಡ್‌ನದ್ದು! ಅಕ್ರಿಲಿಕ್ ಪ್ರೈಮರ್ ಮೇಲೆ ಅದನ್ನು ಬಳಿದು, ಗೆರೆ ಎಳೆದು, ವಾರ್ನಿಷ್ ಕೊಟ್ಟರೆ ಆಗಬೇಕು. ಮೊದಲು ಒಂದು ಪಟ್ಟಿ.

ಇದೆಲ್ಲ ನವರಾತ್ರಿಯೊಳಗೆ ಮುಗಿಯಬೇಕು, ಏಕೆಂದರೆ ಗೊಂಬೆ ಹಬ್ಬಕ್ಕೆ ಕೆಳಗಿನ ಮೆಟ್ಟಿಲು ಇದೇ ಟ್ರಂಕು. ಮೇಲಿನ ಮೆಟ್ಟಿಲಿಗೆ ಹಳೆ ಪೇಪರ್ ಅರೆದು ಹುಣಸೆ ಬೀಜದ ಅಂಟಿನಲ್ಲಿ ಗೊಂಬೆ ಮಾಡುವ ಯೋಜನೆಯೂ ಇದೆ. ಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ, ಅರೆದು, ಕುದಿಸಿದರೆ ಬರುವ ಅಂಟು ಅದು. ಕಿನ್ನಾಳದ ಗೊಂಬೆಗಾರರು ಮರದ ಪುಡಿಗೆ ಸೇರಿಸುವುದೂ ಅದನ್ನೇ. ಅವರ ಗೊಂಬೆಗೂ ಜಿಐ ಇದೆ, ಭೌಗೋಳಿಕ ಗುರುತಿನ ಜಿಐ, ಬಣ್ಣ ಎದ್ದು ಬರುವ ಜಾತಿಯದ್ದಲ್ಲ.

ಹಂಚಿದ ಮೇಲೆ ಪ್ರೈಮರ್ ಇನ್ನೂ ಅರ್ಧ ಲೋಟ ಉಳಿದಿದೆ. ಬಚ್ಚಲಿನ ಹಿಂದೆ ತಳ ತೂತಾದ ಎರಡು ಬಕೆಟ್ ಬಿದ್ದಿವೆ, ದಾಸವಾಳಕ್ಕೆ ಆಗುತ್ತವೆ. ನಾಳೆ ಕೆರೆದು, ಒಂದೊಂದು ತೊಟ್ಟು ಮೈಲುತುತ್ತ ಬಿಟ್ಟು ಯಾವುದು ಕಪ್ಪಾಗುತ್ತದೆ ನೋಡಬೇಕು.