ಪ್ರೊಟೆಸ್ಟ್ ಎಂದು ಕಂಡಲ್ಲೆಲ್ಲ ‘ಪ್ರತಿಭಟನೆ’ ಬರೆಯಬೇಡಿ: ಇಂಗ್ಲಿಷ್, ಟರ್ಕಿಷ್ ಕಾಗದಪತ್ರಗಳ ಮೇಜಿನಿಂದ

‘ಮ್ಯುಶ್ತೆರಿನಿನ್ ಪ್ರೊತೆಸ್ತೊಸು ವಾರ್.’ ಇಸ್ತಾಂಬುಲ್‌ನ ಏಜೆಂಟ್ ಒಬ್ಬರು ಖರೀದಿದಾರನ ಬಗ್ಗೆ ಇಷ್ಟೇ ಬರೆದು ಕಳಿಸುತ್ತಾರೆ ಎಂದಿಟ್ಟುಕೊಳ್ಳಿ. ‘ಗ್ರಾಹಕರ ಪ್ರತಿಭಟನೆ ಇದೆ’ ಎಂದು ಅನುವಾದವಾಗಿ ಬಂದರೆ, ಸರಕಿನಲ್ಲಿ ಏನೋ ಕೊರತೆ ಕಂಡಿರಬೇಕು ಎಂದು ರಫ್ತುದಾರ ಸಮಾಧಾನದ ಪತ್ರ ಬರೆಯುತ್ತಾನೆ, ಮುಂದಿನ ಕಂಟೇನರನ್ನೂ ಸಾಲದ ಮೇಲೆಯೇ ಹತ್ತಿಸುತ್ತಾನೆ. ಆದರೆ ಆ ಸಾಲು ಹೇಳುತ್ತಿರುವುದು ಬೇರೆ. ಖರೀದಿದಾರ ಸಹಿ ಹಾಕಿದ ಹಣದ ಪತ್ರವೊಂದಕ್ಕೆ ವಾಯಿದೆಯ ದಿನ ದುಡ್ಡು ಬಂದಿಲ್ಲ, ನೋಟರಿ ಅದನ್ನು ದಾಖಲಿಸಿಯಾಗಿದೆ. ಅಂಥವನಿಗೆ ಸಾಲ ಕೊಡುವ ಮುಂಚೆ ಎರಡು ಸಲ ಯೋಚಿಸಿ ಎಂಬ ಎಚ್ಚರಿಕೆ ಅದು.

ಈ ಎಡವಟ್ಟಿಗೆ ಕಾರಣ ಕನ್ನಡದ ‘ಪ್ರತಿಭಟನೆ’ಯಲ್ಲೇ ಇದೆ. ಪ್ರತಿಭಟ ಎಂದರೆ ಎದುರು ನಿಂತ ಯೋಧ. ನಮ್ಮ ಪದದ ಒಳಗೆ ಕಾಳಗವಿದೆ. ಪ್ರೊಟೆಸ್ಟ್‌ನ ಒಳಗಿರುವುದು ಸಾಕ್ಷಿ. ಲ್ಯಾಟಿನ್‌ನ ‘ಟೆಸ್ಟಿಸ್’ ಅಂದರೆ ಸಾಕ್ಷಿದಾರ, ‘ಪ್ರೊಟೆಸ್ಟಾರಿ’ ಅಂದರೆ ಎಲ್ಲರೆದುರು ಸಾಕ್ಷಿ ನುಡಿಯುವುದು. 1529ರ ಏಪ್ರಿಲ್‌ನಲ್ಲಿ ಜರ್ಮನಿಯ ಸ್ಪೈಯರ್ ಸಭೆಯಲ್ಲಿ ಕ್ರೈಸ್ತ ಧರ್ಮಸುಧಾರಕ ಲೂಥರ್ ಪರವಾದ ರಾಜರು ಬಹುಮತದ ತೀರ್ಮಾನಕ್ಕೆ ತಾವು ಬದ್ಧರಲ್ಲ ಎಂದು ಬರೆದುಕೊಟ್ಟದ್ದೂ ಈ ಅರ್ಥದ ಪ್ರೊಟೆಸ್ಟೇ. ಪ್ರಾಟೆಸ್ಟೆಂಟ್ ಎಂಬ ಹೆಸರು ಹುಟ್ಟಿದ್ದು ಅಲ್ಲಿಂದ. ಇಂಗ್ಲಿಷ್‌ನಲ್ಲಿ ಒಬ್ಬ ತನ್ನ ‘ಇನ್ನೊಸೆನ್ಸ್’ ಅನ್ನು ಪ್ರೊಟೆಸ್ಟ್ ಮಾಡಿದ ಎಂದರೆ ‘ನಾನು ತಪ್ಪು ಮಾಡಿಲ್ಲ’ ಎಂದು ಒತ್ತಿ ಹೇಳಿದ ಎಂದರ್ಥ. ಅಲ್ಲಿ ವಿರೋಧದ ಸುಳಿವೇ ಇಲ್ಲ. ಆದ್ದರಿಂದ ಪದ ಎದುರಾದಾಗ ಮೊದಲು ಕೇಳಬೇಕಾದ್ದು ‘ಯಾರ ವಿರುದ್ಧ’ ಎಂದಲ್ಲ, ‘ಯಾರ ಮುಂದೆ, ಏನನ್ನು ದಾಖಲಿಸಲು’ ಎಂದು.

ಟರ್ಕಿಷ್‌ಗೆ ಈ ಪದ ಬಂದದ್ದು ‘ಪ್ರೊತೆಸ್ತೊ’ ಎಂಬ ಇಟಾಲಿಯನ್ ರೂಪದಲ್ಲಿ. ಅದರ ಅಕ್ಕಪಕ್ಕದ ಪದಗಳನ್ನೂ ಗುರುತಿಟ್ಟುಕೊಳ್ಳಬೇಕು. ‘ಪ್ರೊತೆಸ್ತೊ’ ನಾಮಪದ, ‘ಪ್ರೊತೆಸ್ತೊಜು’ ಪ್ರತಿಭಟನಕಾರ, ‘ಪ್ರೊತೆಸ್ತೊಲು’ ಅಂದರೆ ಪ್ರೊಟೆಸ್ಟ್ ದಾಖಲಾದ ಪತ್ರ ಅಥವಾ ಸಾಲಗಾರ. ಕೊನೆಯ ‘ಒ’ ಇಲ್ಲದ ‘ಪ್ರೊತೆಸ್ತ್’ ಗುಣವಾಚಕ. ‘ಪ್ರೊತೆಸ್ತ್ ಮ್ಯುಜ಼ಿಕ್’ ಎಂದರೆ ಪ್ರತಿರೋಧದ ಹಾಡುಗಳು. ‘ಪ್ರೊತೆಸ್ತಾನ್’ ಧರ್ಮದ ಹೆಸರು. ಅವಸರದಲ್ಲಿ ಟೈಪ್ ಮಾಡಿದ ಇಮೇಲ್‌ನಲ್ಲಿ ಒಂದಕ್ಷರ ಬಿಟ್ಟುಹೋದರೂ ಅರ್ಥ ಪಲ್ಲಟವಾಗುತ್ತದೆ.

ಬ್ಯಾಂಕಿನ ಪ್ರೊತೆಸ್ತೊ ವಿಚಾರ ಸ್ವಲ್ಪ ಬಿಡಿಸಿ ಹೇಳಬೇಕು, ದುಡ್ಡು ಹೋಗುವುದೇ ಇಲ್ಲಿ. ಟರ್ಕಿಯ ವ್ಯಾಪಾರದಲ್ಲಿ ‘ಸೆನೆತ್’ ಎಂದರೆ ಬಾಯಿಮಾತಿನಲ್ಲಿ ಪ್ರಾಮಿಸರಿ ನೋಟ್, ಇಂಥ ದಿನ ಹಣ ಕೊಡುತ್ತೇನೆ ಎಂದು ಸಾಲಗಾರ ಬರೆದುಕೊಡುವ ಪತ್ರ. ಕಾನೂನಿನ ಹೆಸರು ‘ಬೊನೊ’. ಸೆನೆತ್, ನಮ್ಮ ಸನ್ನದು ಎರಡೂ ಒಂದೇ ಅರಬ್ಬೀ ಪದ. ವಾಯಿದೆಗೆ ಅವರು ‘ವಾದೆ’ ಅನ್ನುತ್ತಾರೆ, ಅದೂ ನಮ್ಮದರ ನೆಂಟನೇ. ಬಿಲ್ ಆಫ್ ಎಕ್ಸ್‌ಚೇಂಜ್‌ಗೆ, ಅಂದರೆ ಹಣ ಕೊಡಬೇಕಾದವನಿಗೆ ‘ಇಷ್ಟು ಕೊಡಿ’ ಎಂದು ಬರೆದು ಅವನ ಒಪ್ಪಿಗೆಯ ಸಹಿ ಪಡೆಯುವ ಪತ್ರಕ್ಕೆ, ‘ಪೊಲಿಚೆ’. ಆದರೆ ‘ಸಿಗೊರ್ತಾ ಪೊಲಿಚೆಸಿ’ ಎಂದು ಬಂದರೆ ಅದು ವಿಮಾ ಪಾಲಿಸಿ. ‘ಪೊಲಿಚೆ ಪ್ರೊತೆಸ್ತೊ ಎದಿಲ್ದಿ’ ಎಂಬುದನ್ನು ‘ಪಾಲಿಸಿಯನ್ನು ವಿರೋಧಿಸಲಾಯಿತು’ ಎಂದು ಬರೆದರೆ ಒಂದು ವಾಕ್ಯದಲ್ಲಿ ಎರಡು ತಪ್ಪಾಯಿತು.

2012ರ ಜುಲೈ 1ರಿಂದ ಜಾರಿಯಲ್ಲಿರುವ 6102ನೇ ಸಂಖ್ಯೆಯ ಟರ್ಕಿ ವಾಣಿಜ್ಯ ಸಂಹಿತೆಯ 714ನೇ ವಿಧಿ ಇದರ ಬುಡ. ಪತ್ರವನ್ನು ಒಪ್ಪಲಿಲ್ಲ ಅಥವಾ ಹಣ ಕೊಡಲಿಲ್ಲ ಎಂಬುದನ್ನು ಬಾಯಲ್ಲಿ ಹೇಳಿದರೆ ಸಾಲದು, ಪ್ರೊತೆಸ್ತೊ ಎಂಬ ಅಧಿಕೃತ ದಾಖಲೆಯಿಂದ ತೋರಿಸಬೇಕು. ಅದನ್ನು ಬರೆಯುವವರು ನೊತೆರ್, ಅಂದರೆ ನೋಟರಿ. ನಿಗದಿತ ದಿನಕ್ಕೆ ಪಾವತಿಯಾಗಬೇಕಾದ ಪತ್ರವಾದರೆ ಆ ದಿನದ ನಂತರದ 2 ಕೆಲಸದ ದಿನಗಳೊಳಗೆ ಇದು ಮುಗಿಯಬೇಕು. ಶುಕ್ರವಾರ ವಾಯಿದೆ ಎಂದರೆ ಸೋಮವಾರ, ಮಂಗಳವಾರ ಅಷ್ಟೆ. ನಡುವೆ ಅಕ್ಟೋಬರ್ 29ರ ಗಣರಾಜ್ಯ ದಿನವೋ ಬಯ್ರಾಮ್, ಅಂದರೆ ಹಬ್ಬದ, ರಜೆಯೋ ಬಂದರೆ ಆ ದಿನಗಳು ಲೆಕ್ಕಕ್ಕಿಲ್ಲ. ಆದ್ದರಿಂದ ಟರ್ಕಿಯ ರಜಾಪಟ್ಟಿ ಮೇಜಿನ ಮೇಲಿರಲಿ. ಬೆಂಗಳೂರಿನ ಬ್ಯಾಂಕ್ ರಜೆಗಳನ್ನು ನೋಡಿಕೊಂಡು ಅಲ್ಲಿಯ ಗಡುವು ಎಣಿಸಲಾಗದು.

ಗಡುವು ತಪ್ಪಿದರೆ ಸಾಲವೇ ಮುಳುಗಿತು ಎಂದು ಹಲವರು ಗಾಬರಿ ಬೀಳುತ್ತಾರೆ. ಹಾಗಲ್ಲ. ಬೊನೊ ಬರೆದುಕೊಟ್ಟವನು ಅಥವಾ ಪೊಲಿಚೆಗೆ ಒಪ್ಪಿಗೆಯ ಸಹಿ ಹಾಕಿದವನು ಪ್ರೊತೆಸ್ತೊ ಇಲ್ಲದೆಯೂ ಹೊಣೆಗಾರನೇ. ಅವನ ಮೇಲಿನ ಹಕ್ಕಿಗೆ ವಾಯಿದೆಯ ದಿನದಿಂದ 3 ವರ್ಷ ಕಾಲಾವಕಾಶವಿದೆ. ಕೈತಪ್ಪುವುದು ಪತ್ರದ ಬೆನ್ನಿಗೆ ಸಹಿ ಹಾಕಿ ದಾಟಿಸಿದ ‘ಜಿರಾಂತಾ’ಗಳ ಮೇಲಿನ ಹಕ್ಕು. ಪತ್ರ ನಾಲ್ಕು ಕೈ ದಾಟಿ ಬಂದಿದ್ದು, ಬರೆದುಕೊಟ್ಟವನು ದಿವಾಳಿಯಾಗಿದ್ದರೆ ಕೈಯಲ್ಲಿ ಹಣವಿರುವುದು ಈ ನಡುವಿನವರದೇ. ಆಗ ಎರಡು ದಿನ ತಪ್ಪಿದ್ದು ಇಡೀ ಮೊತ್ತವನ್ನೇ ತಪ್ಪಿಸಿದಂತೆ. ಪ್ರೊತೆಸ್ತೊ ಆದ ಮೇಲೂ ಅವರ ಮೇಲಿನ ಹಕ್ಕಿಗೆ ಇರುವುದು 1 ವರ್ಷ ಮಾತ್ರ.

ಇನ್ನೊಂದು ಕಡೆಯಿಂದಲೂ ಹೇಳಬೇಕು. ರಫ್ತುದಾರನೇ ಬಿಲ್ ಬರೆದು, ತನ್ನ ಕೈಯಲ್ಲೇ ಇಟ್ಟುಕೊಂಡು, ಖರೀದಿದಾರನಿಂದ ಒಪ್ಪಿಗೆ ಪಡೆದಿದ್ದರೆ ನಡುವೆ ಯಾರೂ ಇಲ್ಲ. ಆಗ ಪ್ರೊತೆಸ್ತೊ ಉಳಿಸಿಕೊಡುವ ಹಕ್ಕು ಏನೂ ಇಲ್ಲ. ಅದರ ಬೆಲೆ ಇರುವುದು ಒತ್ತಡದಲ್ಲಿ. ಪ್ರೊತೆಸ್ತೊ ಆದ ಪತ್ರಗಳ ಮಾಹಿತಿ ಟರ್ಕಿ ಬ್ಯಾಂಕುಗಳ ಒಕ್ಕೂಟದ ರಿಸ್ಕ್ ಮೆರ್ಕೆಜ಼ಿ ಎಂಬ ಕೇಂದ್ರಕ್ಕೆ ಸೇರುತ್ತದೆ, ಬೇರೆ ಬ್ಯಾಂಕುಗಳ ಕಣ್ಣಿಗೂ ಬೀಳುತ್ತದೆ. ಈ ಭಯಕ್ಕೇ ಎಷ್ಟೋ ಸಾಲಗಾರರು ನೋಟರಿಗೆ ಹೋಗುವ ಮುನ್ನ ಹಣ ಹೊಂದಿಸುತ್ತಾರೆ. ಹಾಗೆಂದು ಹಳೆಯ ಗ್ರಾಹಕನೊಬ್ಬ ಒಂದೆರಡು ದಿನ ತಡ ಮಾಡಿದ್ದಕ್ಕೆ ಪ್ರೊತೆಸ್ತೊ ಕಳಿಸಿದರೆ ಅವನ ಬ್ಯಾಂಕ್ ಸಾಲಕ್ಕೆ ಪೆಟ್ಟು ಬೀಳುತ್ತದೆ, ನಿಮ್ಮ ಹಣ ಇನ್ನಷ್ಟು ತಡವಾಗಬಹುದು. ಯಾವಾಗ ಬೇಕು, ಯಾವಾಗ ಬೇಡ ಎಂಬುದನ್ನು ಬಿಲ್ ಕಳಿಸುವ ದಿನವೇ ತೀರ್ಮಾನಿಸಬೇಕು.

ಏಕೆಂದರೆ ಕಲೆಕ್ಷನ್‌ಗೆ, ಅಂದರೆ ಬ್ಯಾಂಕ್ ಮೂಲಕ ವಸೂಲಿಗೆ, ಕಳಿಸಿದ ಬಿಲ್‌ಗಳಿಗೆ ಅನ್ವಯವಾಗುವ ಯುಆರ್‌ಸಿ 522 ಎಂಬ ಅಂತರರಾಷ್ಟ್ರೀಯ ನಿಯಮಾವಳಿಯ 24ನೇ ವಿಧಿ ಹೀಗಿದೆ: ಪ್ರೊಟೆಸ್ಟ್ ಬಗ್ಗೆ ಸ್ಪಷ್ಟ ಸೂಚನೆ ಇಲ್ಲದಿದ್ದರೆ ಬ್ಯಾಂಕಿಗೆ ಪ್ರೊಟೆಸ್ಟ್ ಮಾಡಿಸುವ ಯಾವ ಹೊಣೆಯೂ ಇಲ್ಲ. ಮಾಡಿಸಿದರೆ ಖರ್ಚು ಸೂಚನೆ ಕೊಟ್ಟವರದು. ಕವರಿಂಗ್ ಪತ್ರದಲ್ಲಿ ‘ಪ್ರೊಟೆಸ್ಟ್’, ‘ಡು ನಾಟ್ ಪ್ರೊಟೆಸ್ಟ್’ ಎಂಬ ಎರಡು ಚೌಕಗಳಿರುತ್ತವೆ. ಎರಡನ್ನೂ ಖಾಲಿ ಬಿಡುವುದೇ ನಮ್ಮಲ್ಲಿ ಕಾಣುವ ಅತಿ ಸಾಮಾನ್ಯ ತಪ್ಪು. ಹಣ ಬಂದಿಲ್ಲ ಎಂದು ಅಲ್ಲಿಯ ಬ್ಯಾಂಕ್ ಕಳಿಸುವ ಎಂಟಿ 416 ಎಂಬ ಸಂದೇಶ ಬಂದ ಮೇಲೆ ಎದ್ದು ಸೂಚನೆ ಕಳಿಸಿದರೆ ಆ 2 ದಿನಗಳಲ್ಲಿ ಒಂದು ಆಗಲೇ ಕಳೆದಿರುತ್ತದೆ.

ಪತ್ರದ ಮೇಲೆ ‘ಪ್ರೊತೆಸ್ತೊಸುಜ಼್’ ಅಥವಾ ‘ಗಿದೆರ್ಸಿಜ಼್ ಇಯಾದೆ ಒಲುನಜಕ್ತಿರ್’ ಎಂಬ ಬರಹವಿದೆಯೇ ಎಂದೂ ನೋಡಿ. ಎರಡನೆಯದು ಪದಶಃ ‘ಖರ್ಚಿಲ್ಲದೆ ಹಿಂತಿರುಗಿಸಲಾಗುವುದು’; ಇದನ್ನು ‘ಉಚಿತ ರೀಫಂಡ್’ ಎಂದು ಅನುವಾದಿಸುವವರಿದ್ದಾರೆ. ಅದರ ಅರ್ಥ ‘ಪ್ರೊತೆಸ್ತೊ ಇಲ್ಲದೆಯೇ ಹಕ್ಕು ಉಳಿಯುತ್ತದೆ’ ಎಂದು. ಇಂಗ್ಲಿಷ್‌ನ ‘ಪ್ರೊಟೆಸ್ಟ್ ವೇವ್ಡ್’ ಇದೇ. ಬಿಲ್ ಬರೆದವನೇ ಇದನ್ನು ಸೇರಿಸಿದ್ದರೆ ಎಲ್ಲರಿಗೂ ಅನ್ವಯ, ನಡುವಿನ ಜಿರಾಂತಾ ಸೇರಿಸಿದ್ದರೆ ಅವನೊಬ್ಬನಿಗೆ.

ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯಲ್ಲೂ ಈ ಪದವಿದೆ. 99ನೇ ಸೆಕ್ಷನ್ ‘ನೋಟಿಂಗ್’, ಅಂದರೆ ಪತ್ರದ ಮೇಲೆ ನೋಟರಿಯ ಟಿಪ್ಪಣಿ. 100ನೆಯದು ಪ್ರೊಟೆಸ್ಟ್, ಅಂದರೆ ನೋಟರಿಯ ಪ್ರಮಾಣಪತ್ರ. ನಮ್ಮಲ್ಲಿ ಗಡುವು ‘ಸಮಂಜಸ ಸಮಯ’. ಇಂಗ್ಲೆಂಡಿನ 1882ರ ಕಾಯ್ದೆಯಲ್ಲಿ ನೋಟಿಂಗ್ ಅದೇ ದಿನ ಅಥವಾ ಮರು ಕೆಲಸದ ದಿನ ಆಗಬೇಕು. ಹೀಗೆ ಮೂರು ದೇಶದಲ್ಲಿ ಮೂರು ಗಡಿಯಾರ.

ಇಂಗ್ಲಿಷ್‌ನಲ್ಲಿ ಇನ್ನೊಂದು ತೊಡಕು ವ್ಯಾಕರಣದ್ದು. ಬ್ರಿಟನ್ನಿನ ರೂಢಿಯಲ್ಲಿ ಬೀದಿಯ ವಿರೋಧಕ್ಕೆ ‘ಪ್ರೊಟೆಸ್ಟ್ ಅಗೇನ್‌ಸ್ಟ್’ ಎಂದು ಬರೆಯುತ್ತಾರೆ. ಅಮೆರಿಕದಲ್ಲಿ ‘ಅಗೇನ್‌ಸ್ಟ್’ ಬಿದ್ದುಹೋಗಿದೆ. ಹಾಗಾಗಿ ‘ಪ್ರೊಟೆಸ್ಟ್ ದ ಬಿಲ್’ ಎಂಬುದು ಲಂಡನ್ನಿನ ಬ್ಯಾಂಕ್ ಪತ್ರದಲ್ಲಿ ನೋಟರಿಯ ಕೆಲಸ, ವಾಷಿಂಗ್ಟನ್ನಿನ ಸುದ್ದಿಯಲ್ಲಿ ಮಸೂದೆಯ ವಿರುದ್ಧದ ಮೆರವಣಿಗೆ. ಟರ್ಕಿಷ್‌ನಲ್ಲಿ ‘ವಿರುದ್ಧ’ ಎಂಬ ಪದವೇ ಬೇಕಿಲ್ಲ, ದ್ವಿತೀಯಾ ವಿಭಕ್ತಿ ಸಾಕು: ‘ಜ಼ಮ್ಮಿ ಪ್ರೊತೆಸ್ತೊ ಎತ್ತಿಲೆರ್’ ಬೆಲೆ ಏರಿಕೆಯನ್ನು ವಿರೋಧಿಸಿದರು, ‘ಸೆನೆದಿ ಪ್ರೊತೆಸ್ತೊ ಎತ್ತಿಲೆರ್’ ಹಣದ ಪತ್ರವನ್ನು ನೋಟರಿಯಲ್ಲಿ ದಾಖಲಿಸಿದರು. ಕ್ರಿಯಾಪದ ಒಂದೇ, ತೀರ್ಪು ಕೊಡುವುದು ಕರ್ಮಪದ. ಕ್ರಿಯಾಪದ ‘ಚೆಕ್ಮೆಕ್’ ಆಗಿದ್ದರೆ, ಅಂದರೆ ‘ಪ್ರೊತೆಸ್ತೊ ಚೆಕ್ತಿ’ ಎಂದಿದ್ದರೆ, ಅನುಮಾನ ಬೇಡ, ನೋಟರಿಯದೇ. ಒಪ್ಪಂದ ರದ್ದತಿಗೆ ಅಥವಾ ಕೊನೆಯ ಎಚ್ಚರಿಕೆಗೆ ನೋಟರಿ ಮೂಲಕ ಹೋಗುವ ನೋಟಿಸಿಗೆ ‘ಇಹ್ತಾರ್ನಾಮೆ’ ಎಂಬ ಬೇರೆ ಹೆಸರಿದೆ. ವಕಾಲತ್ತುನಾಮೆ, ರಾಜೀನಾಮೆ ಎನ್ನುವ ಕನ್ನಡಿಗರಿಗೆ ಆ ‘ನಾಮೆ’ ಕೂಡಲೇ ಗುರುತಾಗುತ್ತದೆ.

‘ಅಂಡರ್ ಪ್ರೊಟೆಸ್ಟ್’ ಎಂದರೆ ತಕರಾರು ಉಳಿಸಿಕೊಂಡೇ ಹಣ ಪಡೆಯುವುದು ಅಥವಾ ಕಟ್ಟುವುದು. ಇದು ಕರ್ನಾಟಕದ ರೈತರಿಗೆ ಹೊಸದೇನಲ್ಲ. 2013ರ ಭೂಸ್ವಾಧೀನ ಕಾಯ್ದೆಯ 77ನೇ ಸೆಕ್ಷನ್ ಪ್ರಕಾರ ಪರಿಹಾರವನ್ನು ತಕರಾರು ದಾಖಲಿಸಿಯೇ ಪಡೆದವರಿಗೆ ಮಾತ್ರ ಹೆಚ್ಚಿನ ಪರಿಹಾರ ಕೇಳುವ ದಾರಿ ತೆರೆದಿರುತ್ತದೆ. ಸುಮ್ಮನೆ ಸಹಿ ಹಾಕಿದರೆ ಮುಚ್ಚುತ್ತದೆ. ಕಸ್ಟಮ್ಸ್ ಸುಂಕದ ಮರುಪಾವತಿಗೆ ಇರುವ 1 ವರ್ಷದ ಮಿತಿಯೂ ಹೀಗೆ ಕಟ್ಟಿದ ಸುಂಕಕ್ಕೆ ಅನ್ವಯಿಸದು. ಇಲ್ಲಿ ಸಾಕ್ಷಿ ಎಂದರೆ ನಿಮ್ಮ ಸಹಿಯ ಪಕ್ಕದ ಎರಡು ಪದ. ಟರ್ಕಿಷ್‌ನಲ್ಲಿ ಇದಕ್ಕೆ ಪ್ರೊತೆಸ್ತೊ ಬಳಸುವುದೇ ಇಲ್ಲ. ‘ಇಹ್ತಿರಾಜ಼ಿ ಕಯಿತ್’ ಎನ್ನುತ್ತಾರೆ, ಹಕ್ಕು ಕಾಯ್ದಿರಿಸಿದ ಟಿಪ್ಪಣಿ. ಅಲ್ಲಿ ತೆರಿಗೆ ರಿಟರ್ನನ್ನು ಈ ಟಿಪ್ಪಣಿಯೊಂದಿಗೆ ಸಲ್ಲಿಸದಿದ್ದರೆ, ತಾನೇ ಘೋಷಿಸಿದ ತೆರಿಗೆಯ ವಿರುದ್ಧ ಮುಂದೆ ಕೋರ್ಟಿಗೆ ಹೋಗುವುದು ಕಷ್ಟ. ಸರ್ಕಾರಿ ಕಾಮಗಾರಿಯ ಬಿಲ್ಲಿಗೆ ಗುತ್ತಿಗೆದಾರ ಸಹಿ ಹಾಕುವಾಗಲೂ ಇದೇ ಪದ. ಅಂದಹಾಗೆ, ನಮ್ಮ ತಕರಾರು ಮತ್ತು ಟರ್ಕಿಷ್‌ನ ‘ತೆಕ್ರಾರ್’ ಒಂದೇ ಮೂಲದವಾದರೂ ಅಲ್ಲಿ ಅದರ ಅರ್ಥ ‘ಮತ್ತೆ’ ಎಂದಷ್ಟೇ. ‘ತೆಕ್ರಾರ್ ಗ್ಯೊಂದೆರಿನ್’ ಎಂದರೆ ಮತ್ತೊಮ್ಮೆ ಕಳಿಸಿ, ತಕರಾರು ಕಳಿಸಿ ಎಂದಲ್ಲ.

ಅಮೆರಿಕದ ಕಸ್ಟಮ್ಸ್‌ನಲ್ಲಿ ಪ್ರೊಟೆಸ್ಟ್ ಎಂದರೆ ಮೇಲ್ಮನವಿಯಂಥ ಅರ್ಜಿ. ಸುಂಕ ಅಂತಿಮವಾದ ದಿನದಿಂದ 180 ದಿನ ಸಮಯ. ಟರ್ಕಿಯಲ್ಲಿ ಇದರ ಜೋಡಿ ‘ಇತಿರಾಜ಼್’, ಸಮಯ ನೋಟಿಸ್ ತಲುಪಿದ ಮೇಲೆ 15 ದಿನ. ಅಮೆರಿಕದ ‘ಬಿಡ್ ಪ್ರೊಟೆಸ್ಟ್’, ಅಂದರೆ ಟೆಂಡರ್ ಆಕ್ಷೇಪಣೆ, ಟರ್ಕಿಯಲ್ಲಿ ಮೊದಲು ‘ಶಿಕಾಯೆತ್’, ನಂತರ ‘ಇತಿರಾಜ಼ೆನ್ ಶಿಕಾಯೆತ್’. ಹಡಗಿನವರ ‘ಸೀ ಪ್ರೊಟೆಸ್ಟ್’, ಅಂದರೆ ಬಿರುಗಾಳಿಯಲ್ಲಿ ಸರಕು ಹಾಳಾದ ಬಗ್ಗೆ ಕ್ಯಾಪ್ಟನ್ ಕೊಡುವ ಹೇಳಿಕೆ, ಟರ್ಕಿಯಲ್ಲಿ ‘ದೆನಿಜ಼್ ರಾಪೊರು’. ಅದನ್ನು ಪಡೆಯುವುದು ಕೋರ್ಟಿನಿಂದ.

ಬೀದಿಯ ವಿಷಯಕ್ಕೆ ಬಂದರೆ, ಟರ್ಕಿಯಲ್ಲಿ ಮೆರವಣಿಗೆಗಳನ್ನು ನಿಯಂತ್ರಿಸುವ 1983ರ 2911ನೇ ಕಾನೂನಿನ ಹೆಸರಿನಲ್ಲಿ ಪ್ರೊತೆಸ್ತೊ ಇಲ್ಲ. ‘ಸಭೆ ಮತ್ತು ಪ್ರದರ್ಶನ ಮೆರವಣಿಗೆ’ ಎಂದಿದೆ. ಹೋರಾಟಗಾರರ ನಾಲಿಗೆಯ ಮೇಲಿರುವುದು ‘ಎಯ್ಲೆಮ್’, ಅಂದರೆ ಕ್ರಿಯೆ. ‘ಒತುರ್ಮಾ ಎಯ್ಲೆಮಿ’ ಧರಣಿ, ‘ಇಶ್ ಬಿರಕ್ಮಾ ಎಯ್ಲೆಮಿ’ ಕೆಲಸ ಸ್ಥಗಿತ. ಹೆಸರೇ ನಿಲುವನ್ನೂ ಹೇಳಿಬಿಡುತ್ತದೆ. 2013ರ ಮೇ ಕೊನೆಯಲ್ಲಿ ಇಸ್ತಾಂಬುಲ್‌ನ ತಕ್ಸಿಮ್‌ನ ಗೆಜ಼ಿ ಪಾರ್ಕಿನಲ್ಲಿ ಶುರುವಾದ ಸರ್ಕಾರ ವಿರೋಧಿ ಅಲೆಯನ್ನು ಭಾಗವಹಿಸಿದವರು ‘ದಿರೆನಿಶ್’, ಪ್ರತಿರೋಧ, ಎಂದರು. ಸರ್ಕಾರದ ಕಡೆಯವರು ‘ಒಲಾಯ್ಲರ್’, ಘಟನೆಗಳು, ಎಂದರು. ಎರಡಕ್ಕೂ ‘ಪ್ರತಿಭಟನೆ’ ಎಂದೇ ಬರೆದರೆ ಹೇಳಿದವರು ಯಾರೆಂಬುದೇ ಅಳಿಸಿಹೋಗುತ್ತದೆ. ಅನುವಾದಕನಿಗೆ ಆ ಅಧಿಕಾರವಿಲ್ಲ.

ಪದದ ಹಳೆಯ ಅರ್ಥ ಬೀದಿಯಲ್ಲೂ ಬದುಕಿದೆ. 1995ರ ಮೇ 27ರಂದು ಇಸ್ತಾಂಬುಲ್‌ನ ಗಲಾತಸರಾಯ್ ಚೌಕದಲ್ಲಿ, ಬಂಧನದ ನಂತರ ಕಾಣೆಯಾದವರ ಮನೆಮಂದಿ ಫೋಟೊ ಹಿಡಿದು ಮೌನವಾಗಿ ಕುಳಿತರು. ಶನಿವಾರದ ತಾಯಂದಿರು ಎಂದು ಹೆಸರಾದ ಅವರ ‘ಒತುರ್ಮಾ’ ಘೋಷಣೆಯಲ್ಲ, ದಾರಿಹೋಕರ ಮುಂದೆ ನುಡಿದ ಸಾಕ್ಷಿ. ಅವರ ಚಿತ್ರಕ್ಕೆ ಅಡಿಬರಹ ಬರೆಯುವಾಗ ‘ಧರಣಿ ಕುಳಿತರು’ ಎಂಬಷ್ಟೇ ಕನ್ನಡ ಸಾಕು, ‘ಕಿಡಿಕಾರಿದರು’ ಬೇಡ. ಹಾಗೆಯೇ ‘ಅಲ್ಕಿಶ್ಲಿ ಪ್ರೊತೆಸ್ತೊ’ ಎಂಬ ಶೀರ್ಷಿಕೆಯಡಿ ಜನ ಚಪ್ಪಾಳೆ ತಟ್ಟುತ್ತಿರುವ ಚಿತ್ರ ಬಂದರೆ ಅದನ್ನು ಸ್ವಾಗತ ಎಂದು ಓದಬೇಡಿ: ಚಪ್ಪಾಳೆ ತಟ್ಟಿಯೇ ವಿರೋಧ ಸೂಚಿಸುವುದು ಅಲ್ಲಿಯ ರೂಢಿ.