ಉದ್ದ ಕೈ ಯಾರದು?

ಚಪ್ಪಲಿಯ ಬಾರು ಕಿತ್ತಿತ್ತು. ಹೊಲಿಸಿಕೊಳ್ಳಲು ಕೂತು, ತೊಗಲಿಗೆ ದಬ್ಬಳ ಇಳಿಯುವುದನ್ನೇ ನೋಡುತ್ತಿದ್ದಾಗ ಮದೀನಾದ ಜೈನಬ್ ಬಿಂತ್ ಜಹ್ಶ್ ನೆನಪಾದರು. ಪ್ರವಾದಿ ಮುಹಮ್ಮದರ ಪತ್ನಿ. ಆದರೂ ತಾವೇ ತೊಗಲು ಹದಮಾಡಿ, ಹೊಲಿದು, ಬಂದದ್ದನ್ನು ಬಡವರಿಗೆ ಕೊಡುತ್ತಿದ್ದವರು.

ನಾನು ತೀರಿಕೊಂಡ ಮೇಲೆ ನಿಮ್ಮಲ್ಲಿ ಉದ್ದ ಕೈಯವಳೇ ಮೊದಲು ನನ್ನನ್ನು ಸೇರುತ್ತಾಳೆ ಎಂದು ಪತ್ನಿಯರಿಗೆ ಹೇಳಿದ್ದರಂತೆ ಪ್ರವಾದಿ. ಅವರು ಕೈ ಅಳೆದುಕೊಂಡೇಬಿಟ್ಟರಂತೆ (ಯಾರು ತಾನೇ ಸುಮ್ಮನಿರುತ್ತಾರೆ!). ಇಸ್ಲಾಮಿನ ಪಂಚಾಂಗದ ಹಿಜರಿ 20ರಲ್ಲಿ (ಕ್ರಿ.ಶ. 641ರ ಸುಮಾರಿಗೆ) ಮೊದಲು ತೀರಿಕೊಂಡದ್ದು ಗಿಡ್ಡನೆಯ ಜೈನಬ್. ನಾವು 'ಅವಳ ಕೈ ದೊಡ್ಡದು' ಅನ್ನುತ್ತೇವಲ್ಲ, ಆ ಉದ್ದ. ಖಲೀಫ ಉಮರ್ ಕಳಿಸಿದ 12,000 ದಿರ್ಹಮಿಗೆ ಬಟ್ಟೆ ಮುಚ್ಚಿಸಿ, ಹಿಡಿಹಿಡಿಯಾಗಿ ಅನಾಥರಿಗೂ ನೆಂಟರಿಗೂ ಹಂಚಿಸಿದರು ಅನ್ನುತ್ತಾರೆ.

ಹೊಲಿಗೆಗೆ ಅಜ್ಜ 20 ರೂಪಾಯಿ ಕೇಳಿದ್ದ. ನಾನು ಆಗಲೇ 15 ಅಂದಾಗಿತ್ತು.